ಹಾರಂಗಿಯ ಹೂಳು ಯಾವ ಬೆಟ್ಟದ್ದು?

ಪ್ರಶ್ನೆ: ನಮ್ಮ ತೋಟ ಹಾರಂಗಿ ಹಿನ್ನೀರಿನ ಅಂಚಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಪದರ ಪದರವಾದ ಹೂಳು ಕಾಣುತ್ತದೆ. 2018ರ ಭೂಕುಸಿತದ ಮಣ್ಣೂ ಅದರಲ್ಲಿರಬೇಕು. ಪರೀಕ್ಷೆ ಮಾಡಿಸಿದರೆ ಅದು ಯಾವ ಬಂಡೆಯಿಂದ ಬಂತು, ಯಾವ ವರ್ಷ ಮಳೆ ಹೆಚ್ಚಿತ್ತು ಎಂದು ತಿಳಿಯುತ್ತದೆಯೇ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಬಂಡೆಯ ಮೂಲ ತಿಳಿಯುತ್ತದೆ. ವರ್ಷವರ್ಷದ ಮಳೆ ತಿಳಿಯುವುದಿಲ್ಲ.

ಬಂಡೆ ಶಿಥಿಲವಾಗಿ ಮಣ್ಣಾಗುವಾಗ ಸೋಡಿಯಂ, ಕ್ಯಾಲ್ಸಿಯಂ ಬೇಗ ಕರಗಿ ಹೊಳೆ ಸೇರುತ್ತವೆ. ಥೋರಿಯಂ, ಸ್ಕ್ಯಾಂಡಿಯಂ, ಲ್ಯಾಂಥನಂನಂಥವು ಬಹುಮಟ್ಟಿಗೆ ಮಣ್ಣಿನಲ್ಲೇ ಉಳಿಯುತ್ತವೆ. ಮೂಲ ಹುಡುಕಲು ನಾವು ನಂಬುವುದು ಇವನ್ನೇ. ಕೊಡಗಿನಲ್ಲಿ ಗ್ರಾನೈಟ್ ಬಗೆಯ ನೈಸ್, ಚಾರ್ನೊಕೈಟ್ ಬಂಡೆಗಳ ಜೊತೆಗೆ ಕಪ್ಪು ಆಂಫಿಬೊಲೈಟ್ ಕೂಡ ಇದೆ. ಕಪ್ಪು ಬಂಡೆಯ ಪಾಲು ಹೆಚ್ಚಿದ್ದರೆ ಸ್ಕ್ಯಾಂಡಿಯಂ, ಕ್ರೋಮಿಯಂ ಏರುತ್ತವೆ. ಗ್ರಾನೈಟ್ ಬಗೆಯದಾದರೆ ಥೋರಿಯಂ, ಲ್ಯಾಂಥನಂ. ಒಂದೇ ಧಾತುವಿನ ಪ್ರಮಾಣವನ್ನಲ್ಲ, ಥೋರಿಯಂ–ಸ್ಕ್ಯಾಂಡಿಯಂನಂಥ ಅನುಪಾತವನ್ನು ನೋಡಬೇಕು.

ಶಿಥಿಲೀಕರಣ ಅಳೆಯಲು 1982ರಲ್ಲಿ ಭೂವಿಜ್ಞಾನಿಗಳಾದ ನೆಸ್ಬಿಟ್ ಮತ್ತು ಯಂಗ್ ಒಂದು ಸೂಚ್ಯಂಕ ಕೊಟ್ಟರು. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಆಕ್ಸೈಡ್‌ಗಳ ಮೋಲ್ (ತೂಕವಲ್ಲ, ಅಣುಗಳ ಎಣಿಕೆ) ಮೊತ್ತದಲ್ಲಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಶೇಕಡಾ ಎಷ್ಟು ಎಂಬುದೇ ಆ ಲೆಕ್ಕ. ತಾಜಾ ಗ್ರಾನೈಟ್‌ಗೆ ಇದು 50ರ ಆಸುಪಾಸು. ಪೂರ್ತಿ ಶಿಥಿಲವಾಗಿ ಕೆಯೊಲಿನ್ (ಬಿಳಿ ಜೇಡಿ) ಆದ ಮಣ್ಣಿಗೆ 100ರ ಹತ್ತಿರ.

ಎಡವುವುದು ಇಲ್ಲಿಯೇ. ಮಳೆ ಹೆಚ್ಚಿದಷ್ಟೂ ಬಂಡೆ ಹೆಚ್ಚು ಶಿಥಿಲವಾಗುತ್ತದೆಂದು ಎಣಿಸಿ, ಒಂದು ಪದರದಲ್ಲಿ ಸೂಚ್ಯಂಕ ಇಳಿದಿದ್ದರೆ ಆ ವರ್ಷ ಮಳೆ ಕಡಿಮೆ ಎಂದು ಹೇಳಿಬಿಡುವವರಿದ್ದಾರೆ. ಕೊಡಗಿನ ಮಟ್ಟಿಗೆ ಸತ್ಯ ಇದಕ್ಕೆ ತದ್ವಿರುದ್ಧವಾಗಿರಬಹುದು. ಸಾಮಾನ್ಯ ಮಳೆ ಸಾವಿರಾರು ವರ್ಷ ಹಣ್ಣಾದ ಮೇಲ್ಮಣ್ಣನ್ನು ತೊಳೆದು ತರುತ್ತದೆ. ಭಾರಿ ಮಳೆಗೆ ಗುಡ್ಡ ಜರಿದರೆ ಆಳದ ಅರೆಕೊಳೆತ ಬಂಡೆಯೂ ಹೊಳೆಗೆ ಬೀಳುತ್ತದೆ, ಸೂಚ್ಯಂಕ ಇಳಿಯುತ್ತದೆ. ಹೂಳು ಹೇಳುವುದು ಮಣ್ಣಿನ ದೀರ್ಘ ಚರಿತ್ರೆಯನ್ನು, ಒಂದು ಮುಂಗಾರಿನದನ್ನಲ್ಲ.

ಕಾಫಿ ತೋಟದವರಾದ ನಿಮಗೆ ಇನ್ನೊಂದು ಎಚ್ಚರಿಕೆ. ನೀವು ಹಾಕುವ ಸುಣ್ಣ, ಪೊಟ್ಯಾಷ್ ಲೆಕ್ಕ ಕೆಡಿಸುತ್ತವೆ. ಆದ್ದರಿಂದ ಮಾದರಿಯನ್ನು ಮೊದಲು ದುರ್ಬಲ ಆಮ್ಲದಲ್ಲಿ ತೊಳೆದು ಕಾರ್ಬೊನೇಟ್ ತೆಗೆಯಬೇಕು. ತಾಮ್ರವಿರುವ ಬೋರ್ಡೋ ದ್ರಾವಣ ಸಿಂಪಡಿಸುವ ಊರಿನಲ್ಲಿ ತಾಮ್ರವನ್ನು ಬಂಡೆಯ ಗುರುತೆಂದು ಹಿಡಿಯುವುದಂತೂ ಸಲ್ಲದು.

ಮರಳಿನಲ್ಲಿ ಜಿರ್ಕಾನ್ ಎಂಬ ಗಟ್ಟಿ ಖನಿಜ ಕೂಡಿಕೊಳ್ಳುತ್ತದೆ, ಜೇಡಿಯಲ್ಲಿ ಅಲ್ಯೂಮಿನಿಯಂ. ಹೀಗಾಗಿ 63 ಮೈಕ್ರಾನ್ ಜರಡಿಯಲ್ಲಿ ಇಳಿದ ನಯಮಣ್ಣನ್ನೇ ಹೋಲಿಸಿ. ಹೂಳಷ್ಟೇ ಸಾಲದು: ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ತೊರೆಗಳ ಮಣ್ಣು, ಕುಸಿದ ಗುಡ್ಡದ ಮೇಲ್ಮಣ್ಣು, ಅದರಡಿಯ ಕೊಳೆತ ಬಂಡೆ ಇವನ್ನೂ ಬೇರೆಬೇರೆ ಚೀಲಗಳಲ್ಲಿ, ಜಾಗ ಮತ್ತು ಆಳ ಬರೆದು ಕಳುಹಿಸಿ.