ನಾಣ್ಯ ಪ್ರಶ್ನೋತ್ತರ: ಮಾರ್ಗನ್ ಡಾಲರ್ ಸವೆದಿದೆಯೋ, ಅಚ್ಚೇ ಸರಿ ಬಿದ್ದಿಲ್ಲವೋ?

ಪ್ರಶ್ನೆ: ಮಗ ಅಮೆರಿಕದಿಂದ 1891ರ ಮಾರ್ಗನ್ ಬೆಳ್ಳಿ ಡಾಲರ್ ತಂದಿದ್ದಾನೆ. ಹಿಂಬದಿಯಲ್ಲಿ ಪುಟ್ಟ ‘ಓ’ ಅಕ್ಷರ ಇದೆ. ಮುಂಬದಿಯಲ್ಲಿರುವ ಹೆಣ್ಣಿನ ಮುಖ, ಅಂದರೆ ಲಿಬರ್ಟಿಯ, ಕಿವಿ ಮೇಲಿನ ಕೂದಲು ಚಪ್ಪಟೆಯಾಗಿದೆ. ನೋಡಿದವರೆಲ್ಲ ಸವೆದಿದೆ ಅಂತಾರೆ, ಆದರೆ ಉಳಿದ ಕಡೆ ಥಳಥಳ ಅಂತಿದೆ. ಏನು ಸಮಾಚಾರ? (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಅನುಮಾನಕ್ಕೆ ಕಾರಣ ಇದೆ ಸರ್. ‘ಓ’ ಅಂದರೆ ನ್ಯೂ ಆರ್ಲಿಯನ್ಸ್ ಟಂಕಸಾಲೆ. ಅಲ್ಲಿನ ಡಾಲರ್‌ಗಳಲ್ಲಿ, ಅದರಲ್ಲೂ 1891 ಮತ್ತು 1892ರವುಗಳಲ್ಲಿ, ಅಚ್ಚಿನ ಒತ್ತು ಎಷ್ಟೋ ಸಲ ಪೂರ್ತಿ ಬಿದ್ದೇ ಇಲ್ಲ. ಮುಂಬದಿಯಲ್ಲಿ ಕಿವಿ ಮೇಲಿನ ಕೂದಲು, ಹಿಂಬದಿಯಲ್ಲಿ ಹದ್ದಿನ ಎದೆ, ಈ ಎರಡು ಜಾಗಕ್ಕೆ ಅಚ್ಚಿನ ಆಳದವರೆಗೂ ಬೆಳ್ಳಿ ಹೋಗಿ ತುಂಬಬೇಕು. ತುಂಬದಿದ್ದರೆ ನಾಣ್ಯ ಹುಟ್ಟುವಾಗಲೇ ಅಲ್ಲಿ ಚಪ್ಪಟೆ. ಕೈಯಿಂದ ಕೈಗೆ ಓಡಾಡಿದಾಗ ಮೊದಲು ಸವೆಯುವುದೂ ಅದೇ ಜಾಗ, ಅದಕ್ಕೇ ಇಷ್ಟು ಗೊಂದಲ.

ಹೀಗೆ ನೋಡಿ. ಟ್ಯೂಬ್‌ಲೈಟ್ ಬೇಡ, ಒಂದೇ ಬಲ್ಬಿನ ಕೆಳಗೆ ಕೂತು ನಾಣ್ಯದ ಅಂಚು ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ಹೊಸ ನಾಣ್ಯದ ಹೊಳಪು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಆ ಬೆಳಕು ಚಪ್ಪಟೆ ಕೂದಲಿನ ಮೇಲೂ ತಡೆಯಿಲ್ಲದೆ ಹಾದುಹೋದರೆ ಅದು ಅಚ್ಚಿನ ದೋಷ. ಅಲ್ಲಿಗೆ ಬಂದು ಬೆಳಕು ಮುರಿದು, ಬೂದು ಬಣ್ಣದ ಮಂಕು ತೇಪೆ ಕಂಡರೆ ಸವೆತ. ಕೆನ್ನೆ ಮೇಲಿನ ಚಿಕ್ಕಪುಟ್ಟ ಗಾಯಗಳಿಗೆ ಹೆದರಬೇಡಿ. ಸಾವಿರ ಸಾವಿರ ಡಾಲರ್ ಒಂದೇ ಚೀಲದಲ್ಲಿ ತುಂಬಿ ಸಾಗಿಸುತ್ತಿದ್ದ ಕಾಲದ ಗುರುತು ಅವು. ಅವುಗಳಿಂದ ಗ್ರೇಡ್ (ನಾಣ್ಯದ ಸ್ಥಿತಿಗೆ ಕೊಡುವ ಅಂಕ) ಒಂದೆರಡು ಅಂಕ ಇಳಿಯಬಹುದು, ಆದರೆ ಅವು ಸವೆತ ಅಲ್ಲ.

ಗ್ರೇಡಿನ ಅಳತೆ 1ರಿಂದ 70ರವರೆಗೆ. 60 ಮತ್ತು ಮೇಲೆ ಅಂದರೆ ಚಲಾವಣೆಯಲ್ಲಿ ಓಡಾಡದ, ಸವೆತವಿಲ್ಲದ ನಾಣ್ಯ, 50ರಿಂದ 58 ಅಂದರೆ ತುಸು ಸವೆತ. ಹೊಳಪು ಎಲ್ಲೂ ಮುರಿಯದಿದ್ದರೆ ನಿಮ್ಮದು 60ರ ಮೇಲಿನದು, ಕೂದಲು ಎಷ್ಟೇ ಚಪ್ಪಟೆ ಇರಲಿ.

ಪ್ರಶ್ನೆ: ಕಪ್ಪಾಗಿರುವ ಡಾಲರನ್ನು ವಿಭೂತಿ ಹಾಕಿ ಉಜ್ಜಬಹುದಾ? (ಹಾಸನದ ಓದುಗರು)

ಉತ್ತರ: ದಯವಿಟ್ಟು ಬೇಡ. ದೇವರ ಮನೆ ಬೆಳ್ಳಿಗೆ ವಿಭೂತಿ ಸರಿ, ಟೂತ್‌ಪೇಸ್ಟೂ ಆಗಬಹುದು. ನಾಣ್ಯಕ್ಕೆ ಎರಡೂ ವಿಷ. ಉಜ್ಜಿದರೆ ಕೂದಲೆಳೆಯಂಥ ಗೀರುಗಳು ಎದ್ದು ನಿಲ್ಲುತ್ತವೆ, ಸುತ್ತುವ ಬೆಳಕು ಸತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ. ಕಪ್ಪು ಅಂದರೆ ಗಂಧಕ ತಗಲಿದ ಬೆಳ್ಳಿಯ ಸಹಜ ಬಣ್ಣ, ಹಾಗೇ ಇರಲಿ.

ಪ್ರಶ್ನೆ: ನನ್ನ ಹತ್ತಿರ 1878ರ ಡಾಲರ್ ಇದೆ. ಹದ್ದಿನ ಬಾಲದಲ್ಲಿ 7 ಗರಿ, ಅವುಗಳ ಕೆಳಗೆ ಇನ್ನೂ ಚೂಪು ಚೂಪು ತುದಿಗಳು ಕಾಣುತ್ತಿವೆ. ‘ವ್ಯಾಮ್ ನಂಬರ್ ನೋಡು’ ಎಂದರು ಗೆಳೆಯರು. ಹಾಗಂದರೇನು? (ಡಲ್ಲಾಸ್‌ನಲ್ಲಿರುವ ಕನ್ನಡಿಗರು)

ಉತ್ತರ: ಒಳ್ಳೆ ನಾಣ್ಯ ಸಿಕ್ಕಿದೆ ನಿಮಗೆ! ಜಾರ್ಜ್ ಮಾರ್ಗನ್ ಅವರ ಈ ವಿನ್ಯಾಸ ಮೊದಲು ಫಿಲಡೆಲ್ಫಿಯಾದಲ್ಲಿ ಹೊರಬಂದಾಗ ಬಾಲಕ್ಕೆ 8 ಗರಿ ಇತ್ತು. ಬೇಗನೇ ಅದನ್ನು 7ಕ್ಕೆ ಇಳಿಸಿದರು. ಆಗ 8 ಗರಿಯ ಕೆಲವು ಅಚ್ಚುಗಳನ್ನು ಬಿಸಾಡದೆ, ಅವುಗಳ ಮೇಲೆಯೇ 7 ಗರಿಯ ವಿನ್ಯಾಸ ಒತ್ತಿಬಿಟ್ಟರು. ಹಳೇ ಗರಿಗಳ ತುದಿ ಕೆಳಗೆ ಇಣುಕುವುದು ಅದಕ್ಕೆ. ತುದಿಗಳು ಜಾಸ್ತಿ ಕಂಡಷ್ಟೂ ಸಂಗ್ರಹಕಾರರಿಗೆ ಖುಷಿ.

ತುದಿಗಳಿಲ್ಲದ 7 ಗರಿಯ ನಾಣ್ಯ ಇದ್ದವರು ಹದ್ದಿನ ಕಾಲಲ್ಲಿರುವ ಬಾಣಗಳನ್ನು ನೋಡಿ. ಮೇಲಿನ ಬಾಣದ ಗರಿ ಬಾಣಕ್ಕೆ ಸಮಾನಾಂತರವಾಗಿದ್ದರೆ ಒಂದು ಬಗೆ. ಓರೆಯಾಗಿದ್ದು ಹದ್ದಿನ ಎದೆಯೂ ಉಬ್ಬಿದ್ದರೆ ಇನ್ನೊಂದು ಬಗೆ, ನಾಣ್ಯ 1878ರದ್ದೇ ಆದರೂ ಅದನ್ನು ‘1879ರ ಹಿಂಬದಿ’ ಎನ್ನುತ್ತಾರೆ.

ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಎಂಬಿಬ್ಬರು ಇಂಥ ಅಚ್ಚುಗಳ ಒಂದೊಂದು ಜೋಡಿಗೂ ನಂಬರ್ ಕೊಟ್ಟರು, ಅವರ ಹೆಸರಿಂದಲೇ ‘ವ್ಯಾಮ್’. ಎಲ್ಲ ನಂಬರಿಗೂ ಜಾಸ್ತಿ ದುಡ್ಡು ಸಿಗುವುದಿಲ್ಲ, ಬಹುಪಾಲಿಗೆ ಸಿಗುವುದೇ ಇಲ್ಲ. 1888ರ ನ್ಯೂ ಆರ್ಲಿಯನ್ಸ್ ಡಾಲರಿನ ‘ಹಾಟ್ ಲಿಪ್ಸ್’ ಥರದ್ದು ಬೇರೆ. ಅದರಲ್ಲಿ ತುಟಿ, ಮೂಗು, ಗಲ್ಲ ಜೋಡಿಯಾಗಿ ಬರಿಗಣ್ಣಿಗೇ ಕಾಣುತ್ತವೆ. ಇನ್ನೊಂದು ಮಾತು: ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನಂತೆ ಕಾಣುವ ಜೋಡಿ ಗೆರೆ ಅಚ್ಚಿನದ್ದಲ್ಲ, ಹೊಡೆಯುವಾಗ ಅಚ್ಚು ಅಲುಗಿದ್ದು. ಅದಕ್ಕೆ ಬೆಲೆ ಇಲ್ಲ.

ಪ್ರಶ್ನೆ: ಕೋಟಿಗಟ್ಟಲೆ ಹೊಡೆದಿದ್ದಾರೆ, ಆದರೂ ಕೆಲವು ವರ್ಷದವು ಯಾಕೆ ಅಪರೂಪ? (ಮೈಸೂರಿನ ಓದುಗರು)

ಉತ್ತರ: ಇದರಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಮೊದಲ ಮಹಾಯುದ್ಧದಲ್ಲಿ ಭಾರತದ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು, ಸರ್ಕಾರದ ಹತ್ತಿರ ಬೆಳ್ಳಿ ಸಾಲದೇ ಹೋಯಿತು. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರಿನ ಬೆಳ್ಳಿ ಬ್ರಿಟನ್‌ಗೆ ಮಾರಾಟವಾಗಿ ಭಾರತದ ರೂಪಾಯಿಗೆ ಬಂತು. ಯಾವ ವರ್ಷದ ಡಾಲರ್ ಎಷ್ಟು ಕರಗಿತು ಎಂಬ ಲೆಕ್ಕ ಇಡಲಿಲ್ಲ. ಹಾಗಾಗಿ ಎಷ್ಟು ಹೊಡೆದರು ಎಂಬ ಅಂಕಿಯನ್ನೇ ನಂಬಿ ಕೂರಬೇಡಿ. 1903ರ ನ್ಯೂ ಆರ್ಲಿಯನ್ಸ್ ಡಾಲರ್ ಬಲು ಅಪರೂಪ ಎಂದುಕೊಂಡಿದ್ದರು, 1962ರಲ್ಲಿ ಖಜಾನೆಯಿಂದ ಚೀಲ ಚೀಲ ಹೊರಬಂತು.

ಪ್ರಶ್ನೆ: 1893ರ ‘ಎಸ್’ ಡಾಲರ್ ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ? (ಬೆಂಗಳೂರಿನ ಓದುಗರು)

ಉತ್ತರ: ಕಡಿಮೆ ಬೆಲೆ ಅಂದ ತಕ್ಷಣ ಅನುಮಾನ ಪಡಿ. ‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ, ಅಲ್ಲಿ ಆ ವರ್ಷ ಹೊಡೆದದ್ದೇ ಬರೀ 1,00,000. ಅಸಲಿ 26.73 ಗ್ರಾಂ ತೂಗಬೇಕು, ಅಗಲ 38.1 ಮಿ.ಮೀ., ಅಯಸ್ಕಾಂತಕ್ಕೆ ಅಂಟಬಾರದು. ಇಷ್ಟು ಸಾಲದು, ಏಕೆಂದರೆ ಫಿಲಡೆಲ್ಫಿಯಾದ ಅಸಲಿ 1893ಕ್ಕೆ ‘ಎಸ್’ ಅಂಟಿಸಿ ಮಾರುವವರಿದ್ದಾರೆ. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಲಿಬರ್ಟಿ ಪದದ ‘ಟಿ’ ಅಕ್ಷರದ ಮೇಲ್ಭಾಗ ನೋಡಿ. ಅಸಲಿಯಲ್ಲಿ ಅಲ್ಲೊಂದು ಸಣ್ಣ ಓರೆ ಗೆರೆ ಉಬ್ಬಿರುತ್ತದೆ, ಸವೆದ ನಾಣ್ಯದಲ್ಲಿ ಮಾತ್ರ ಕಾಣಲಿಕ್ಕಿಲ್ಲ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಡಬ್ಬಿಯಲ್ಲಿದ್ದರೂ ಸುಮ್ನೆ ನಂಬಬೇಡಿ, ಡಬ್ಬಿಯೂ ನಕಲಿ ಬರುತ್ತದೆ. ಡಬ್ಬಿ ಮೇಲಿನ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ, ಫೋಟೊ ಇದ್ದರೆ ಕೆನ್ನೆ ಮೇಲಿನ ಒಂದೊಂದು ಗಾಯವನ್ನೂ ಹೋಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.