ಅಮ್ಮನ ಶುಗರಿಗೆ ಕನ್ನಡದಲ್ಲಿ ಎರಡು ಸಾಲು

ತಮ್ಮಾ, ನೀನು ಬರೆದದ್ದು ಓದಿದೆ. ಶಾರ್ಜಾಕ್ಕೆ ಈಗಷ್ಟೇ ಬಂದಿದ್ದೀಯ, ಗೋದಾಮಿನಲ್ಲಿ ಕೆಲಸ, ಕಂಪನಿ ರೂಮು. ಬದಿಯಡ್ಕದ ಹತ್ತಿರ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ, ಅವರಿಗೆ ಶುಗರ್. ಜೊತೆಗೆ ಶಾಲೆಗೆ ಹೋಗುವ ತಂಗಿ. "ಇಲ್ಲಿಂದ ವಾಟ್ಸಾಪ್ ಕಾಲ್ ಕೂಡ ಹೋಗುವುದಿಲ್ಲ. ದುಡ್ಡು ಕಳಿಸುವುದು ಬಿಟ್ಟು ಅಮ್ಮನಿಗೆ ನಾನು ಎಂತ ಮಾಡಲಿಕ್ಕಾಗುತ್ತದೆ ಅಕ್ಕಾ? ನೀವೆಲ್ಲ ಇಷ್ಟು ವರ್ಷ ಇಲ್ಲಿ ಹೇಗೆ ಇದ್ದೀರಿ?" ಅಂತ ಕೇಳಿದ್ದೀಯ.

ಇಲ್ಲಿನ ಬದುಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಬೇಸಿಗೆ ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ. 2025ರ ಜನವರಿಯಿಂದ ಶಾರ್ಜಾದಲ್ಲೂ ಕೆಲಸಗಾರರ ಆರೋಗ್ಯ ವಿಮೆ ಕಡ್ಡಾಯ, ಅದನ್ನು ಕಂಪನಿಯೇ ಮಾಡಿಸಬೇಕು, ನಿನ್ನ ಸಂಬಳದಿಂದ ಹಿಡಿಯುವ ಹಾಗಿಲ್ಲ. ಕಾರ್ಡ್ ಕೇಳಿ ತೆಗೆದುಕೋ. ಉಳಿದದ್ದು ರೂಮಿನವರೇ ಹೇಳಿಕೊಡುತ್ತಾರೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಇಲ್ಲಿ ಕ್ಲಿನಿಕ್ಕಿನಲ್ಲಿ ನರ್ಸ್. ನಿನ್ನ ಹಾಗೆ ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರೇ ನನ್ನ ಹತ್ತಿರ ಜಾಸ್ತಿ ಬರುವುದು. ಅವರೆಲ್ಲರಿಗೂ ಹೇಳುವುದನ್ನೇ ನಿನಗೂ ಹೇಳುತ್ತೇನೆ: ಕಾಲ್ ಹೋಗದಿದ್ದರೆ ಹೋಗದಿರಲಿ, ಮೆಸೇಜ್ ಹೋಗುತ್ತದಲ್ಲ, ಅದರಿಂದ ತುಂಬ ಕೆಲಸ ಆಗುತ್ತದೆ.

ಇದು ಸುಮ್ನೆ ಸಮಾಧಾನದ ಮಾತಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವ ಬಡ ಶುಗರ್ ರೋಗಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಒಟ್ಟು 128 ಜನ. ಅರ್ಧದಷ್ಟು ಜನರಿಗೆ ಆರು ತಿಂಗಳು ದಿನಕ್ಕೆ ಎರಡು ಮೆಸೇಜ್ ಕಳಿಸಿದರು. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ, ಸಾದಾ ಎಸ್ಸೆಮ್ಮೆಸ್. 2014ರಲ್ಲಿ ಫಲಿತಾಂಶ ಅಚ್ಚಾಯಿತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಅಂತ ಒಂದು ರಕ್ತ ಪರೀಕ್ಷೆ ಉಂಟು. ಮೆಸೇಜ್ ಸಿಕ್ಕಿದವರಲ್ಲಿ ಅದು 1.05ರಷ್ಟು ಇಳಿಯಿತು, ಸಿಗದವರಲ್ಲಿ 0.60. ಇಷ್ಟು ಕಡಿಮೆ ಜನರಲ್ಲಿ ಈ ವ್ಯತ್ಯಾಸ ಮೆಸೇಜಿನಿಂದಲೇ ಬಂತು ಅಂತ ಖಚಿತವಾಗಿ ಹೇಳುವ ಹಾಗಿಲ್ಲ. ಆದರೆ ಮಾತ್ರೆ ತಪ್ಪದೆ ತೆಗೆದುಕೊಳ್ಳುವುದು ಮೆಸೇಜ್ ಸಿಕ್ಕಿದವರಲ್ಲಿ ಸುಧಾರಿಸಿತು. ನ್ಯೂಜಿಲೆಂಡಿನಲ್ಲಿ 366 ಜನರ ಮೇಲೆ ಇನ್ನೂ ದೊಡ್ಡ ಪರೀಕ್ಷೆ ಮಾಡಿದರು, 2018ರಲ್ಲಿ ಅದು ಅಚ್ಚಾಯಿತು. ಅಲ್ಲಿ ಸರಾಸರಿ ಶುಗರ್ ಕೂಡ ಮೆಸೇಜ್ ಸಿಕ್ಕಿದವರಲ್ಲೇ ಚೆನ್ನಾಗಿ ಇಳಿದಿತ್ತು.

ಲಾಸ್ ಏಂಜಲೀಸಿನ ಆ ರೋಗಿಗಳಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಹಳ ಇದ್ದರು. ಅವರಿಗೆ ಸ್ಪ್ಯಾನಿಷ್‌ನಲ್ಲೇ ಬರೆದರು. ಲಾಭ ಹೆಚ್ಚು ಕಂಡದ್ದು ಅವರಲ್ಲೇ. ನನಗೆ ಇದನ್ನು ಓದಿದ ಕೂಡಲೇ ನಮ್ಮ ಕಾಸರಗೋಡು ನೆನಪಾಯಿತು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ನಮ್ಮ ಅಮ್ಮಂದಿರು ಕನ್ನಡ ಶಾಲೆಗೇ ಹೋದರು, ಆಸ್ಪತ್ರೆಯ ಚೀಟಿ ಮಾತ್ರ ಮಲಯಾಳದಲ್ಲಿ ಬರುತ್ತದೆ. ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲಿಕ್ಕೆ ಬರುವುದಿಲ್ಲ. ಇಂಥ ಮನೆ ಎಷ್ಟಿಲ್ಲ ನಮ್ಮಲ್ಲಿ? ಊಟದ ಪಥ್ಯದ ಹಾಳೆ ಕೊಟ್ಟಿರುತ್ತಾರೆ, ಅದು ಗೋಡೆಯ ಕ್ಯಾಲೆಂಡರ್ ಹಿಂದೆ ಮಡಚಿ ಕೂತಿರುತ್ತದೆ. ಶುಗರ್ ಅಂದರೆ ಡಾಕ್ಟರ್ ಒಬ್ಬರೇ ನೋಡಿಕೊಳ್ಳುವ ಕಾಯಿಲೆ ಅಲ್ಲ. ಎಂತ ತಿನ್ನಬೇಕು, ಯಾವಾಗ ಮಾತ್ರೆ, ಕಾಲಿಗೆ ಗಾಯ ಆಯಿತಾ, ಎಲ್ಲ ದಿನಾ ಮನೆಯಲ್ಲೇ ತೀರ್ಮಾನ ಆಗಬೇಕು. ಅದನ್ನು ಓದಲಿಕ್ಕಾಗದ ಲಿಪಿಯಲ್ಲಿ ಕೊಟ್ಟರೆ ಆ ಅಮ್ಮ ಒಬ್ಬರೇ ಆಗಿಬಿಡುತ್ತಾರೆ. ನಿನಗೆ ಕನ್ನಡ ಬರೆಯಲಿಕ್ಕೆ ಬರುತ್ತದೆ. ಅಮ್ಮನಿಗೆ ಓದಲಿಕ್ಕೆ ಬರುತ್ತದೆ. ಅಲ್ಲಿಂದ ಶುರು ಮಾಡು.

ಮೊದಲು ಅಮ್ಮನ ಕೀಪ್ಯಾಡ್ ಫೋನಿನಲ್ಲಿ ಕನ್ನಡ ಅಕ್ಷರ ಕಾಣುತ್ತದಾ ನೋಡು, ತಂಗಿ ಒಂದು ಮೆಸೇಜ್ ಕಳಿಸಿ ಪರೀಕ್ಷೆ ಮಾಡಲಿ. ಚೌಕ ಚೌಕ ಬಂದರೆ ಕನ್ನಡ ಕಾಣುವ ಬೇರೆ ಫೋನ್ ಬೇಕು. ಇಲ್ಲಿಂದ ದಿನಾ ಎಸ್ಸೆಮ್ಮೆಸ್ ಕಳಿಸಿದರೆ ನಿನ್ನ ದಿರ್ಹಮ್ ಕರಗುತ್ತದೆ. ಊರಿನ ಹೆಚ್ಚಿನ ರೀಚಾರ್ಜ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಸೇರಿಯೇ ಬರುತ್ತದೆ. ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ವಾರದ ಮೆಸೇಜುಗಳನ್ನು ನೀನು ಬರೆದು ವಾಟ್ಸಾಪಿನಲ್ಲಿ ತಂಗಿಗೆ ಹಾಕು, ಅವಳು ಹೊತ್ತಿಗೆ ಸರಿಯಾಗಿ ಅಮ್ಮನಿಗೆ ಕಳಿಸಲಿ. ಅವಳು ಮನೆಯಲ್ಲೇ ಇದ್ದಾಳಲ್ಲ, ಬಾಯಲ್ಲೇ ಹೇಳಬಹುದಲ್ಲ ಅಂತ ಕೇಳಬೇಡ. ಮಗ ಕಳಿಸಿದ್ದು ಅಂತ ಅಮ್ಮ ಅದನ್ನು ಮತ್ತೆ ಮತ್ತೆ ತೆಗೆದು ಓದುತ್ತಾರೆ.

ಇನ್ನೊಂದು ವಿಷಯ. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಕೊಂಬು, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಉದ್ದ ಬರೆಯಬೇಡ, ಒಂದು ಮೆಸೇಜಿಗೆ ಒಂದೇ ಮಾತು. "ಅಮ್ಮಾ, ಗಂಜಿ ಒಂದು ಬಟ್ಟಲು ಸಾಕು. ಬಸಳೆ ಪಲ್ಯ ಜಾಸ್ತಿ ಹಾಕಿಕೊ." ಇಷ್ಟು 70ರೊಳಗೆ ಹಿಡಿಯುತ್ತದೆ. "ಕಾಲಿನ ಬೆರಳ ಸಂದು ನೋಡಿದೆಯಾ? ಗಾಯ, ಕೆಂಪು ಉಂಟಾ?" ಇದೂ ಹಿಡಿಯುತ್ತದೆ. ಬೀಡಿ ಕಟ್ಟುವವರು ಬೆಳಿಗ್ಗೆಯಿಂದ ಕೂತಲ್ಲೇ ಕೂತಿರುತ್ತಾರೆ. ಮೊರ ಕೆಳಗಿಟ್ಟು ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಬಾ ಅಂತ ಬರೆ. ವಾಕಿಂಗ್ ಮಾಡು ಅಂತ ಬರೆದರೆ ಅದು ಪೇಟೆಯವರ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಮಧೂರು ದೇವಸ್ಥಾನದ ಅಪ್ಪ ಪ್ರಸಾದ ಮನೆಗೆ ಬಂದರೆ ತಿನ್ನಲೇಬೇಡ ಅನ್ನಬೇಡ, ಒಂದು ಚೂರು ಸಾಕು ಅನ್ನು. ಬೈಯುವ ಮೆಸೇಜ್ ಒಂದೂ ಬೇಡ. ಬೈಗುಳ ಬಂದ ಮೇಲೆ ಅಮ್ಮಂದಿರು ಶುಗರ್ ಎಷ್ಟಿತ್ತು ಅಂತ ಮುಚ್ಚಿಡುತ್ತಾರೆ, ಇದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಈಗ ಹೇಳುವುದನ್ನು ಸರಿಯಾಗಿ ಓದು. ಮಾತ್ರೆಯ ನೆನಪು ಮಾಡುವ ಮೊದಲು ಅಮ್ಮ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿರಬೇಕು. ಮಾತ್ರೆ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತಂಗಿಯಿಂದ ತರಿಸಿಕೋ. ಮೆಟ್‌ಫಾರ್ಮಿನ್ ಮಾತ್ರ ಆದರೆ ಶುಗರ್ ತೀರ ಇಳಿಯುವುದು ಅಪರೂಪ, ಅದನ್ನು ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಗೂ ಒಳ್ಳೆಯದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಹಾಗಲ್ಲ. ಊಟ ಬಿಟ್ಟು ಮಾತ್ರೆ ನುಂಗಿದರೆ ಶುಗರ್ ಸಡನ್ನಾಗಿ ಕೆಳಗಿಳಿದು ಬೆವರು, ನಡುಕ, ತಲೆ ತಿರುಗು, ಕೆಲವೊಮ್ಮೆ ಪ್ರಜ್ಞೆಯೇ ತಪ್ಪುತ್ತದೆ. ನಮ್ಮ ಹೆಂಗಸರಲ್ಲಿ ಉಪವಾಸ ಜಾಸ್ತಿ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದೂ ಜಾಸ್ತಿ. ಅದಕ್ಕೇ ನಿನ್ನ ಮೆಸೇಜ್ "ಮಾತ್ರೆ ತಗೊ" ಅಂತ ಇರಬಾರದು. "ಊಟಕ್ಕೆ ಕೂತೆಯಾ? ಮಾತ್ರೆ ಹತ್ತಿರ ಇಟ್ಟುಕೊ" ಅಂತ ಇರಲಿ. ಉಪವಾಸದ ದಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಬೆವರು ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ಕಾಲು ಗಂಟೆಯಲ್ಲಿ ಸರಿಯಾಗದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಎಂತದೂ ಹಾಕಬಾರದು, ಸೀದಾ ಆಸ್ಪತ್ರೆ. ತಂಗಿಗೆ ಇದು ಬಾಯಿಪಾಠ ಆಗಿರಲಿ. ಆ ಹೊತ್ತಿಗೆ ಮೆಸೇಜ್ ಪ್ರಯೋಜನಕ್ಕೆ ಬರುವುದಿಲ್ಲ, ಪಕ್ಕದ ಮನೆಯವರ ನಂಬರ್ ಬರುತ್ತದೆ.

ಉತ್ತರ ಬೇಕಲ್ವಾ? ಅಮ್ಮನಿಗೆ ಟೈಪ್ ಮಾಡಿಸುವ ಕಷ್ಟ ಕೊಡಬೇಡ. ಮಾತ್ರೆ ಆದ ಮೇಲೆ ಒಂದು ಮಿಸ್ ಕಾಲ್ ಕೊಡಲಿ, ಸಾಕು. ಅವರ ರಾತ್ರಿ ಎಂಟು ಗಂಟೆ ನಿನಗೆ ಇಲ್ಲಿ ಆರೂವರೆ. ಮಿಸ್ ಕಾಲ್ ಬಾರದ ದಿನ ನೀನೇ ಫೋನ್ ಮಾಡು, ಆ ಒಂದು ಕಾಲಿಗೆ ದುಡ್ಡು ಹೋದರೆ ಹೋಗಲಿ.

ಮೆಸೇಜ್ ಎಷ್ಟೇ ಚೆನ್ನಾಗಿದ್ದರೂ ಮನೆಯಲ್ಲಿ ಮಾತ್ರೆ ಇರಬೇಕು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಶುಗರಿನ ಸಾಮಾನ್ಯ ಮಾತ್ರೆ ಉಚಿತ. ಆದರೆ ತರಲಿಕ್ಕೆ ಹೋದರೆ ಆ ದಿನದ ಬೀಡಿ ಕೂಲಿ ಹೋಗುತ್ತದೆ, ಅದಕ್ಕೇ ಅಮ್ಮಂದಿರು ನಾಳೆ ನಾಳೆ ಅಂತ ಮುಂದೂಡುತ್ತಾರೆ. ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲು ನಿನ್ನ ಒಂದು ಮೆಸೇಜ್ ಇರಲಿ, ಆ ದಿನದ ಕೂಲಿಯಷ್ಟು ಹಣ ಬೇರೆಯಾಗಿ ಕಳಿಸು. ಆಶಾ ಕಾರ್ಯಕರ್ತೆಯ ನಂಬರ್ ತೆಗೆದಿಟ್ಟುಕೋ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಲಿ. ಸಾಮಾನ್ಯವಾಗಿ 7ರ ಹತ್ತಿರ ಇರಬೇಕು ಅನ್ನುತ್ತಾರೆ, ಅಮ್ಮನಿಗೆ ಎಷ್ಟು ಅಂತ ಅವರ ಡಾಕ್ಟರೇ ಹೇಳಲಿ.

ಮತ್ತೆ ನೀನು. ಅಮ್ಮನಿಗೆ ಶುಗರ್ ಇದ್ದರೆ ನಿನಗೂ ಬರುವ ಸಾಧ್ಯತೆ ಜಾಸ್ತಿ. ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಅವರ ತಂಡ ಶುಗರಿನ ಅಂಚಿನಲ್ಲಿದ್ದ 537 ದುಡಿಯುವ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಊಟ, ವ್ಯಾಯಾಮದ ಮೆಸೇಜ್ ಕಳಿಸಿ, ಎಲ್ಲರನ್ನೂ ಎರಡು ವರ್ಷ ನೋಡಿದರು. ಮೆಸೇಜ್ ಸಿಗದವರಲ್ಲಿ ನೂರಕ್ಕೆ 27 ಜನರಿಗೆ ಶುಗರ್ ಬಂತು, ಸಿಕ್ಕಿದವರಲ್ಲಿ 18 ಜನರಿಗೆ. ಅದು 2013ರಲ್ಲಿ ಅಚ್ಚಾದದ್ದು. ಅವರೂ ನಿನ್ನ ಹಾಗೆ ಕೆಲಸಕ್ಕೆ ಹೋಗುವವರೇ. ಇಲ್ಲಿ ಶಿಫ್ಟ್ ಮುಗಿಸಿ ಬಂದು ಕುಬ್ಬೂಸು, ಕರಕ್ ಚಾ, ಪೆಪ್ಸಿ ಅಂತ ಶುರುವಾದರೆ ಎರಡು ವರ್ಷದಲ್ಲಿ ಹೊಟ್ಟೆ ಮುಂದೆ ಬರುತ್ತದೆ. ಚಾಕ್ಕೆ ಸಕ್ಕರೆ ಕಡಿಮೆ ಮಾಡಲಿಕ್ಕೆ ಇವತ್ತೇ ಹೇಳು. ವಿಮೆ ಕಾರ್ಡ್ ಕೈಗೆ ಬಂದ ವಾರವೇ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ನನಗೆ ಕಳಿಸು. ಅಮ್ಮನ ಮಾತ್ರೆ ಸ್ಟ್ರಿಪ್ಪಿನ ಫೋಟೋವನ್ನೂ ಜೊತೆಗೆ ಹಾಕು. ಅದನ್ನು ನೋಡಿಕೊಂಡು ಮೊದಲ ವಾರದ ಮೆಸೇಜುಗಳನ್ನು ನಾವಿಬ್ಬರೂ ಕೂತು ಬರೆಯುವ. ಶುಕ್ರವಾರ ಸಂಜೆ ನನಗೆ ರಜೆ.