ಹೆಸರು ತೆಗೆದರೂ ಗುರುತು ಸಿಗುವ ಪಾತ್ರಗಳು

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಹಳೆಯ ಮನೆಯನ್ನು ಮಾರಬೇಕೇ ಬೇಡವೇ ಎಂದು ಅಣ್ಣ, ತಮ್ಮ ಮತ್ತು ತಂಗಿ ಕುಳಿತು ಮಾತನಾಡುವ ಅಧ್ಯಾಯವೊಂದನ್ನು ನನ್ನ ಕಾದಂಬರಿಗಾಗಿ ಬರೆದಿದ್ದೇನೆ. ಮೂವರ ವಯಸ್ಸು, ಉದ್ಯೋಗ, ಮೈಬಣ್ಣ, ಇಷ್ಟದ ಅಡುಗೆಯವರೆಗೆ ಟಿಪ್ಪಣಿ ಮಾಡಿಕೊಂಡೇ ಬರೆದೆ. ಆದರೂ ಓದಿದವರು ‘ಹೆಸರು ಅದಲುಬದಲಾದರೂ ಗೊತ್ತಾಗುವುದಿಲ್ಲ’ ಎನ್ನುತ್ತಾರೆ. ಅಧ್ಯಾಯವನ್ನು ಜೊತೆಗಿಟ್ಟಿದ್ದೇನೆ.
– ಓದುಗರೊಬ್ಬರು, ಶಿರಸಿ

ಉತ್ತರ: ಅಧ್ಯಾಯವನ್ನು ಓದಿದೆ, ನಿಮ್ಮ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಟಿಪ್ಪಣಿಯಲ್ಲಿ ಮೂವರ ವಿವರಗಳೆಲ್ಲ ಇದ್ದರೂ, ಈ ಮನೆಯಿಂದ ಯಾರಿಗೆ ಏನು ಬೇಕಾಗಿದೆ, ಅದನ್ನು ಉಳಿದಿಬ್ಬರ ಎದುರು ಬಾಯಿಬಿಟ್ಟು ಕೇಳಲು ಏನು ಅಡ್ಡಬರುತ್ತಿದೆ ಎಂಬುದು ಎಲ್ಲಿಯೂ ಇಲ್ಲ. ಅದಿಲ್ಲದ ಕಾರಣ ಮೂವರೂ ‘ಅಪ್ಪ ಕಟ್ಟಿದ ಮನೆ’ ಎಂಬ ಒಂದೇ ಭಾವುಕತೆಯನ್ನು ಸರದಿಯ ಮೇಲೆ ಆಡುತ್ತಾರೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಈ ಒಂದು ದೃಷ್ಟಿಯಿಂದ ಮತ್ತೆ ಓದಿ ನೋಡಿ. ಕಥೆ ತೊಡಗುವಾಗಲೇ, ಬ್ರಾಹ್ಮಣ ಕಟ್ಟಳೆಗಳನ್ನು ಮುರಿದು ಬಾಳಿದ ನಾರಣಪ್ಪ ಸತ್ತಿದ್ದಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಒಂದೇ ಪ್ರಶ್ನೆ ದುರ್ವಾಸಪುರದ ಅಗ್ರಹಾರದ ಎಲ್ಲ ಮನೆಗಳಿಗೂ ಎದುರಾಗುತ್ತದೆ. ನಾರಣಪ್ಪನೊಂದಿಗೆ ಬಾಳುತ್ತಿದ್ದ ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಮುಂದಿಟ್ಟ ಗಳಿಗೆಯಿಂದ ಒಬ್ಬೊಬ್ಬರೂ ಬೇರೆಬೇರೆಯಾಗಿ ಕಾಣತೊಡಗುತ್ತಾರೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಮನೆಗಳಲ್ಲಿ ಮನಸ್ಸು ಚಿನ್ನದತ್ತ ವಾಲುತ್ತದೆ. ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ತಾಳೆಗರಿಗಳನ್ನು ಬಿಚ್ಚಿಕೊಂಡು ಕೂರುತ್ತಾರೆ. ಹೆಣ ಬಿದ್ದಿರುವಾಗ ಉಣ್ಣಬಾರದೆಂಬ ಕಟ್ಟಳೆಯಿದ್ದರೂ ಹಸಿವು ತಾಳಲಾರದ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ ಮಂಜಯ್ಯನ ಮನೆಯಲ್ಲಿ ತಿನ್ನುತ್ತಾನೆ. ದಾಸಾಚಾರ್ಯ ಅಷ್ಟೇನೂ ಪುಟಗಳನ್ನು ಪಡೆದ ಪಾತ್ರವಲ್ಲ. ಅವನ ಎತ್ತರವೆಷ್ಟು, ಬಣ್ಣ ಯಾವುದು ಎಂದು ಕೇಳಿದರೆ ನಾನಂತೂ ಹೇಳಲಾರೆ, ಆದರೆ ಅವನ ಹಸಿವನ್ನು ಮರೆತಿಲ್ಲ. ಇನ್ನು ನಾರಣಪ್ಪನಂತೂ ಕಥೆಯ ವರ್ತಮಾನದಲ್ಲಿ ತುಟಿಯನ್ನೇ ಬಿಚ್ಚದೆ, ಉಳಿದವರ ಸಿಟ್ಟು, ಅಸೂಯೆ, ನೆನಪುಗಳ ಮೂಲಕವೇ ಇಡೀ ಅಗ್ರಹಾರದಲ್ಲಿ ಎಲ್ಲರಿಗಿಂತ ಜೀವಂತವಾಗಿ ನಿಲ್ಲುತ್ತಾನೆ. ಪಾತ್ರವೊಂದನ್ನು ಬೆಳೆಸಲು ಅದನ್ನು ಸದಾ ರಂಗದ ಮೇಲೆ ನಿಲ್ಲಿಸಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಈಗ ನಿಮ್ಮ ಅಧ್ಯಾಯಕ್ಕೆ ಬರೋಣ. ಊರಿನಲ್ಲೇ ಉಳಿದ ಅಣ್ಣನಿಗೆ ಮನೆ ಹೋದರೆ ಊರವರೆದುರಿನ ತನ್ನ ಹಿರಿತನವೂ ಹೋಗುತ್ತದೆ, ಆದರೆ ‘ಮಾರುವುದಿಲ್ಲ’ ಎಂದುಬಿಡುವ ಧೈರ್ಯ ಅವನಿಗಿಲ್ಲ ಎಂದಿಟ್ಟುಕೊಳ್ಳಿ. ಅವನು ‘ಚೌತಿ ಹಬ್ಬ ಒಂದು ಮುಗಿಯಲಿ, ಆಮೇಲೆ ನೋಡುವ’ ಎನ್ನುತ್ತಾನೆ. ಬೆಂಗಳೂರಿನ ಫ್ಲ್ಯಾಟಿನ ಸಾಲದ ಕಂತು ಕಟ್ಟಲು ಪರದಾಡುತ್ತಿರುವ ತಮ್ಮ, ಹಣದ ಮಾತೆತ್ತದೆ, ‘ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ ಅಣ್ಣ?’ ಎಂದು ಕೇಳುತ್ತಾನೆ. ಪಾಲು ಕೇಳಿದರೆ ತವರು ತಪ್ಪೀತು ಎಂದು ಅಂಜುವ ತಂಗಿ ಮನೆಯ ವಿಚಾರಕ್ಕೇ ಬರದೆ, ‘ಬಚ್ಚಲಿನ ತಾಮ್ರದ ಹಂಡೆಯನ್ನು ಏನು ಮಾಡುತ್ತೀರಿ?’ ಎನ್ನುತ್ತಾಳೆ. ಈ ಮೂರು ಮಾತುಗಳಲ್ಲಿ ‘ಮಾರುವುದು’ ಎಂಬ ಪದ ಒಮ್ಮೆಯೂ ಬಂದಿಲ್ಲ. ಹಾಗಿದ್ದರೂ ಅಣ್ಣನ ಮಾತನ್ನು ತಂಗಿಯ ಬಾಯಲ್ಲಿಡಲು ಬಾರದು. ಮುಂದೆ ಹಂಡೆ ತನಗೂ ಬೇಕೆಂದು ಅತ್ತಿಗೆ ಹೇಳಿದರೆ, ಇಷ್ಟು ಹೊತ್ತು ಮೆತ್ತಗಿದ್ದ ತಂಗಿ ಮೊದಲ ಸಲ ದನಿಯೇರಿಸಬಹುದು. ನೀವು ಹುಡುಕುತ್ತಿರುವ ‘ಪಾತ್ರದ ಬೆಳವಣಿಗೆ’ ಅಲ್ಲಿಂದ ಶುರುವಾಗುತ್ತದೆ.

ಮೈಬಣ್ಣದ ಸಾಲುಗಳನ್ನು ಹೊಡೆದುಹಾಕಿ. ‘ಅವನು ತುಂಬಾ ಸ್ವಾಭಿಮಾನಿಯಾಗಿದ್ದನು’ ಎಂಬಂಥ ನಿರೂಪಕರ ಪ್ರಮಾಣಪತ್ರಗಳನ್ನೂ.

ಪ್ರಶ್ನೆ: ಪಾತ್ರಗಳನ್ನು ಬೇರ್ಪಡಿಸಲು ಒಬ್ಬೊಬ್ಬರಿಗೆ ಒಂದೊಂದು ಸೀಮೆಯ ಭಾಷೆ ಕೊಟ್ಟರೆ ಸಾಲದೇ? ನಾನು ತುಮಕೂರಿನವನು, ನನ್ನ ಕಥೆಯಲ್ಲೊಬ್ಬ ಧಾರವಾಡದ ಮೇಷ್ಟರಿದ್ದಾರೆ.
– ಇನ್ನೊಬ್ಬ ಓದುಗರು

ಉತ್ತರ: ಸಾಲದು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುನುಡಿಯಲ್ಲೇ ಸಾಗುತ್ತದೆ, ನಿರೂಪಣೆಯನ್ನೂ ಸೇರಿಸಿ. ಅಲ್ಲಿನವರೆಲ್ಲ ಆಡುವುದು ಹೆಚ್ಚುಕಡಿಮೆ ಒಂದೇ ನುಡಿಯಾದರೂ ಅವರು ಒಬ್ಬರಂತೆ ಇನ್ನೊಬ್ಬರಿಲ್ಲ. ಪ್ರತಿ ವಾಕ್ಯದ ತುದಿಗೂ ‘ರೀ’ ಅಂಟಿಸಿದ ಮಾತ್ರಕ್ಕೆ ಮೇಷ್ಟರು ಧಾರವಾಡದವರಾಗುವುದಿಲ್ಲ, ಹಳೆಯ ಸಿನಿಮಾಗಳ ಹಾಸ್ಯಪಾತ್ರವಾಗುತ್ತಾರೆ ಅಷ್ಟೆ. ಆ ಕಡೆಯ ಮಾತು ನಿಮ್ಮ ಕಿವಿಗೆ ಚೆನ್ನಾಗಿ ಬಿದ್ದಿಲ್ಲದಿದ್ದರೆ ಅವರಿಂದ ಕಡಿಮೆ ಮಾತನಾಡಿಸಿ; ಬದಲಿಗೆ ಅವರು ಯಾರನ್ನು ‘ನೀನು’ ಎನ್ನುತ್ತಾರೆ, ಯಾರನ್ನು ‘ನೀವು’ ಎನ್ನುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ಶಾಲೆಯ ಜವಾನನನ್ನು ಬಹುವಚನದಲ್ಲಿ ಕರೆಯುವ ಮೇಷ್ಟರು ಮನೆಯಲ್ಲಿ ಬೆಳೆದ ಮಗನನ್ನು ಎಲ್ಲರೆದುರು ‘ಏ, ಬಾ ಇಲ್ಲಿ’ ಎಂದರೆ, ಅವರ ಬಗ್ಗೆ ನೀವು ಒಂದು ಪುಟ ಬರೆಯುವ ಶ್ರಮ ಉಳಿಯುತ್ತದೆ. ಒಂದು ದಿನ ಆ ಮಗನನ್ನು ‘ನೀವು’ ಎಂದು ಕರೆದುಬಿಟ್ಟರೆ, ಇಬ್ಬರ ನಡುವೆ ಏನು ನಡೆಯಿತೆಂದು ಓದುಗರೇ ಕೇಳುತ್ತಾರೆ.